ಎಡಗೈಯ ಅಭಿಪ್ರಾಯ

ಟೈಲ್ಸ್ ಅಂಗಡಿಯ ಆಗ್ಬಹುದಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಗಿರಾಕಿ ಒಂದು ಹಸಿರು ಟೈಲ್ಸನ್ನೂ ಒಂದು ಬೂದು ಟೈಲ್ಸನ್ನೂ ಮುಂದಿಟ್ಟುಕೊಂಡು "ಇದು ಚೆನ್ನಾಗಿದೆಯೋ, ಅದು ಚೆನ್ನಾಗಿದೆಯೋ?" ಎಂದು ಕೇಳಿದರೆ ಅವನು ಹಸಿರನ್ನು ನೋಡುತ್ತಿದ್ದ, ಬೂದನ್ನು ನೋಡುತ್ತಿದ್ದ, ಎಡಗಾಲಿನ ಭಾರವನ್ನು ಬಲಗಾಲಿಗೆ ಬದಲಿಸುತ್ತಿದ್ದ, ಕತ್ತಿನ ಹಿಂಭಾಗ ಕೆರೆದುಕೊಳ್ಳುತ್ತಿದ್ದ, ಮತ್ತೆ ಹಸಿರನ್ನು ನೋಡುತ್ತಿದ್ದ. ಕೊನೆಗೆ ಬಹಳ ಕಷ್ಟಪಟ್ಟು "ಎರಡೂ ಆಗ್ಬಹುದು" ಎನ್ನುತ್ತಿದ್ದ. ಇಷ್ಟು ಹೇಳಿಸಿಕೊಳ್ಳಲು ಗಿರಾಕಿ ಮನೆ ಬಿಟ್ಟು ಬರಬೇಕಾಗಿರಲಿಲ್ಲ. ಆತ ಸೀದಾ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗುತ್ತಿದ್ದ. ಅಲ್ಲಿನ ಸೇಲ್ಸ್‌ಮನ್ ಕೈಗೆ ಸಿಕ್ಕಿದ್ದನ್ನು ಎತ್ತಿ "ಇದೇ ತಗೊಳ್ಳಿ ಸಾರ್, ನಮ್ಮನೇಲೂ ಇದನ್ನೇ ಹಾಕ್ಸಿದೀನಿ" ಎಂದುಬಿಡುತ್ತಿದ್ದ. ಅವನ ಮನೆಯಲ್ಲಿ ಒಟ್ಟು ಎಷ್ಟು ಥರದ ಟೈಲ್ಸ್ ಇರಬಹುದು ಎಂದು ಯೋಚಿಸಿದ ಗಿರಾಕಿ ಮಾತ್ರ ಇದುವರೆಗೆ ಹುಟ್ಟಿರಲಿಲ್ಲ.

ಹಾಗೆಂದು ಆಗ್ಬಹುದಪ್ಪ ದಡ್ಡನಲ್ಲ, ಸೋಮಾರಿಯೂ ಅಲ್ಲ. ಯಾವ ಟೈಲ್ಸ್ ಒದ್ದೆಯಾದರೆ ಜಾರುತ್ತದೆ, ಯಾವುದಕ್ಕೆ ಕಲೆ ಹಿಡಿಯುತ್ತದೆ, ಎಲ್ಲ ಬಾಯಿಪಾಠ. ಚೆನ್ನಾಗಿದೆಯೇ ಎಂಬ ಪ್ರಶ್ನೆ ಬಂದಾಗ ಮಾತ್ರ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಚಿಕ್ಕಂದಿನಲ್ಲಿ ಅವನು ಹೀಗಿರಲಿಲ್ಲ, ಮನೆಯಲ್ಲಿ ಅವನದೇ ದೊಡ್ಡ ಬಾಯಿ, ಮದುವೆ ನಿಶ್ಚಯವಾದ ಮೇಲೆ ಹೀಗಾದ ಎಂದು ಅವನ ಅಣ್ಣ ಹೇಳುತ್ತಿದ್ದ. ಮದುವೆಯಾದ ಗಂಡಸರೆಲ್ಲ ಅದನ್ನು ಕೇಳಿ ನಗುತ್ತಿದ್ದರೇ ಹೊರತು ಯಾರೂ ಮುಂದೆ ವಿಚಾರಿಸಲಿಲ್ಲ.

ಈ ಒಂದು ಪದದಿಂದ ಅಂಗಡಿಗೆ ಆದ ನಷ್ಟಕ್ಕಿಂತ ಮನೆಯಲ್ಲಿ ಆದ ನಷ್ಟ ದೊಡ್ಡದು. ಅವನ ಹೆಂಡತಿ ಮನೆಗೆ ಬಂದ ನೆಂಟರಿಗೆ, ಪಕ್ಕದ ಮನೆಯವರಿಗೆ, ಒಮ್ಮೆ ಗ್ಯಾಸ್ ತಂದವನಿಗೂ ಆ ಕಥೆ ಹೇಳಿದ್ದಳು. "ಮದುವೆ ಮಾತಿಗೆ ಅಂತ ನಮ್ಮನೆಗೆ ಬಂದಿದ್ರು ಇವರು. ಉರಿ ಬಿಸಿಲು, ಕರೆಂಟ್ ಬೇರೆ ಹೋಗಿತ್ತು. ನಮ್ಮಪ್ಪ ಪೇಪರಲ್ಲಿ ಗಾಳಿ ಬೀಸ್ಕೊಂಡು ಕೂತಿದ್ರು. ಇವರು ಅವರಣ್ಣನ ಶರ್ಟ್ ಹಾಕ್ಕೊಂಡು ಬಂದಿದ್ರು, ತೋಳು ಬೆರಳಿನ ತುದಿವರೆಗೆ ಇಳಿದಿತ್ತು. ನಾನು ನೀರು ತಂದುಕೊಟ್ಟೆ. ನಮ್ಮಪ್ಪ, ಏನಪ್ಪಾ, ಹುಡುಗಿ ಒಪ್ಪಿಗೇನಾ ಅಂದ್ರು. ಇವರು ಏನಂದ್ರು ಗೊತ್ತಾ?" ಇಲ್ಲಿ ಅವಳು ಕೇಳುವವರ ಮುಖವನ್ನು ಒಮ್ಮೆ ನೋಡುತ್ತಿದ್ದಳು. "ಆಗ್ಬಹುದು ಅಂದ್ರು." ಕೇಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗು ಮುಗಿದ ಮೇಲೆ ಅವಳು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಇಪ್ಪತ್ತು ವರ್ಷಗಳಾದರೂ ಆ ಸದ್ದು ಕಡಿಮೆಯಾಗಿರಲಿಲ್ಲ.

ಅಂಗಡಿಯ ಯಜಮಾನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಿಂತು ಬೆಳೆಸಿದ ಹೆಂಗಸು, ಕನ್ನಡಕದ ಮೇಲಿಂದ ನೋಡಿದರೆ ಎದುರಿಗಿದ್ದವರು ತಪ್ಪು ಮಾಡದಿದ್ದರೂ ಒಪ್ಪಿಕೊಳ್ಳುತ್ತಿದ್ದರು. ಒಂದು ದಿನ ಅವನನ್ನು ಕರೆದು ಹೇಳಿದಳು:

"ನೋಡಯ್ಯಾ, ತಿಂಗಳು ಮುಗಿಯೋದ್ರೊಳಗೆ ಎಲ್ಲಿಂದಾದ್ರೂ ಒಂದು ಅಭಿಪ್ರಾಯ ತಂದುಕೋ. ಸರಿಯಾದದ್ದೇ ಬೇಕು ಅಂತ ನಾನು ಹೇಳಲ್ಲ. ಯಾವುದೋ ಒಂದು. ಇಲ್ದಿದ್ರೆ ಬೇರೆ ಕೆಲಸ ನೋಡ್ಕೋ."

ಅಂದಿನಿಂದ ಆಗ್ಬಹುದಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅಭಿಪ್ರಾಯ ಹೊಂದುವ ಅಭ್ಯಾಸ ಶುರು ಮಾಡಿದ. 'ಈ ದೀಪದ ಕಂಬ ಆ ಕಂಬಕ್ಕಿಂತ ಚೆನ್ನಾಗಿದೆ' ಎಂದು ಗಟ್ಟಿಯಾಗಿ ಹೇಳಿಕೊಂಡ. ನಾಲ್ಕು ಹೆಜ್ಜೆ ನಡೆದ ಮೇಲೆ ಆ ಇನ್ನೊಂದು ಕಂಬದ ಬಗ್ಗೆ ಪಾಪ ಅನ್ನಿಸಿ ಹಿಂತಿರುಗಿ ಹೋಗಿ ಇನ್ನೊಮ್ಮೆ ನೋಡಿದ. ಎರಡೂ ಆಗಬಹುದಿತ್ತು.

ಇಂಥ ಸಂಕಟದಲ್ಲಿ ಅವನಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಸ್ನಾನದ ಮನೆಗೆ ಟೈಲ್ಸ್ ನೋಡಲು ಬಂದರು. ಜೀವನವಿಡೀ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ, ಈಗ ಕೇಳುವವರಿಲ್ಲದೆ ಹೆಂಡತಿಗೆ ಹೇಳುತ್ತಿದ್ದವರು. ಹೆಂಡತಿ ತಿಳಿ ಹಳದಿಯ ಮೇಲೆ ಸಣ್ಣ ಹೂವಿರುವ ಟೈಲ್ಸ್ ಹಿಡಿದು ನಿಂತರು. ಮೇಷ್ಟ್ರು ಕಡುನೀಲಿ, ಹೆಚ್ಚುಕಡಿಮೆ ಕಪ್ಪೇ ಅನ್ನಬಹುದಾದ, ಬಾಗಿಲಗಲದ ಒಂದು ದೊಡ್ಡ ಟೈಲ್ಸ್ ಹಾಳೆಯ ಮುಂದೆ ನಿಂತರು. ವಾದ ಶುರುವಾಗಿ ಅಂಗಡಿಯವರೆಲ್ಲ ಒಂದು ಸುತ್ತು ಚಹಾ ಕುಡಿದು ಬಂದರೂ ಮುಗಿದಿರಲಿಲ್ಲ.

"ನಿನ್ನ ಕೈಯಲ್ಲಿರೋದು ಸುಂದರ," ಎಂದರು ಮೇಷ್ಟ್ರು. "ಸುಂದರವಾದದ್ದು ಚಿಕ್ಕದು, ನಯವಾದದ್ದು. ನೋಡಿದ್ರೆ ಮುದ್ದು ಬರುತ್ತೆ, ಮನೆಗೆ ಎತ್ಕೊಂಡು ಹೋಗೋಣ ಅನ್ಸುತ್ತೆ. ಇದು ಭವ್ಯ. ಭವ್ಯದ ಮುಂದೆ ನಿಂತ್ರೆ ನಾವೇ ಚಿಕ್ಕವರಾಗ್ತೀವಿ. ಕಡಿದಾದ ಬೆಟ್ಟ, ಸಿಡಿಲು, ರಾತ್ರಿ ಹೊತ್ತಿನ ಸಮುದ್ರ. ಹೆದರಿಕೆ ಆಗುತ್ತೆ, ಆದ್ರೂ ಕಣ್ಣು ಕೀಳೋಕಾಗಲ್ಲ."

"ಸ್ನಾನ ಮಾಡೋವಾಗ ಯಾಕ್ರೀ ಹೆದರ್ಕೋಬೇಕು?" ಎಂದರು ಅವರ ಹೆಂಡತಿ.

"ಅದು ನಿನಗೆ ಅರ್ಥ ಆಗಲ್ಲ. ಭವ್ಯವನ್ನ ಬುದ್ಧಿ ಗುರುತಿಸಲ್ಲ, ದೇಹ ಗುರುತಿಸುತ್ತೆ. ಮೈ ನವಿರೇಳುತ್ತೆ." ಹೀಗೆ ಹೇಳುತ್ತ ಮೇಷ್ಟ್ರು ಸಾಕ್ಷಿಗಾಗಿ ಸುತ್ತ ನೋಡಿದರು. ಆ ಕಡುನೀಲಿ ಹಾಳೆ ಬೀಳದಂತೆ ಎಡಗೈಯಲ್ಲಿ ಹಿಡಿದು ನಿಂತಿದ್ದವನು ಆಗ್ಬಹುದಪ್ಪ. ಅಂಗಡಿಯ ಸಮವಸ್ತ್ರ ಅರ್ಧ ತೋಳಿನದು. ಅವನ ತಲೆಯ ಮೇಲೆಯೇ ಎಸಿ, ಅದನ್ನು ಆವತ್ತು ಬೆಳಿಗ್ಗೆ ತಾನೇ ರಿಪೇರಿಯವನು ಬಂದು ತೊಳೆದು ಹೋಗಿದ್ದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎಡಗೈಯ ಕೂದಲೆಲ್ಲ ಎದ್ದು ನೆಟ್ಟಗೆ ನಿಂತಿದ್ದವು.

ಮೇಷ್ಟ್ರು ಆ ಕೈಯನ್ನು ಹಿಡಿದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಹೆಂಡತಿಯನ್ನು ಹತ್ತಿರ ಕರೆದು ತೋರಿಸಿದರು. ಅವರ ಕಣ್ಣಲ್ಲಿ ನೀರಿತ್ತು. "ಮೂವತ್ತು ವರ್ಷ ಪಾಠ ಮಾಡ್ದೆ. ಒಬ್ಬ ವಿದ್ಯಾರ್ಥಿಗೂ ಹೀಗಾಗಿರ್ಲಿಲ್ಲ. ಏನಪ್ಪಾ, ಇದನ್ನ ನೋಡಿದಾಗೆಲ್ಲ ನಿನಗೆ ಹೀಗಾಗುತ್ತಾ?"

ಆಗ್ಬಹುದಪ್ಪ ಎಸಿಯ ಕಡೆಗೆ ಬೆರಳು ತೋರಿಸಲು ಬಲಗೈ ಎತ್ತಿದ. ಅಷ್ಟರಲ್ಲಿ ಕ್ಯಾಶ್ ಕೌಂಟರಿನಿಂದ ಯಜಮಾನಿ ಕನ್ನಡಕದ ಮೇಲಿಂದ ನೋಡಿದಳು. ಎತ್ತಿದ ಬೆರಳು ಹಾಗೇ ಕಿವಿಯ ಹಿಂದೆ ಹೋಗಿ ಕೆರೆಯತೊಡಗಿತು. "ಆಗುತ್ತೆ ಸಾರ್," ಎಂದ ಅವನು. ಅವನು ಹೇಳಿದ ಸುಳ್ಳು ಒಟ್ಟು ಇಷ್ಟೇ. ಮುಂದಿನದನ್ನೆಲ್ಲ ಊರಿನವರೇ ಸೇರಿ ಕಟ್ಟಿದರು.

ಮೇಷ್ಟ್ರು ಕಡುನೀಲಿಯನ್ನೇ ಕೊಂಡರು. ಹೋಗುವಾಗ ಎದುರು ಸಿಕ್ಕವರಿಗೆಲ್ಲ ಆ ಕೈಯ ವಿಷಯ ಹೇಳಿದರು. ವಾರ ಕಳೆಯುವುದರೊಳಗೆ ಗಿರಾಕಿಗಳು "ಆ ರೋಮಾಂಚನದವರು ಎಲ್ಲಿ?" ಎಂದು ಕೇಳಿಕೊಂಡು ಬರತೊಡಗಿದರು. ಗಂಡ ಹೆಂಡತಿ ಜಗಳವಾಡುತ್ತ ಬಂದು, ಕೈ ನೋಡಿ, ಜಗಳ ಬಿಟ್ಟು, ಟೈಲ್ಸ್ ಕೊಂಡು ಹೋಗುತ್ತಿದ್ದರು. ಯಜಮಾನಿ ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಅವನು ಬಂದು ನೋಡಿದಾಗ ಅಂಗಡಿಯ ಅತಿ ದುಬಾರಿ ಟೈಲ್ಸೆಲ್ಲ ಎಸಿಯ ಕೆಳಗಿನ ಸ್ಟ್ಯಾಂಡಿಗೆ ಬಂದಿದ್ದವು, ಅಗ್ಗದವು ಕಿಟಕಿಯ ಬಿಸಿಲಿಗೆ ಹೋಗಿದ್ದವು. ಎದುರಂಗಡಿಯ ಸೇಲ್ಸ್‌ಮನ್ ಕೂಡ ಅರ್ಧ ತೋಳಿನ ಶರ್ಟ್ ಹಾಕಲು ಶುರು ಮಾಡಿದ. ಆದರೆ ಅವನ ಕೈಯಲ್ಲಿ ಕೂದಲೇ ಇರಲಿಲ್ಲ.

ಮನುಷ್ಯನನ್ನು ನಾಲ್ಕು ಜನ ಹೊಗಳಿದರೆ ಐದನೆಯವನು ಅವನೇ ಆಗುತ್ತಾನೆ. ನಡುನಡುವೆ ಆಗ್ಬಹುದಪ್ಪನಿಗೂ ಅನುಮಾನ ಬರುತ್ತಿತ್ತು: ಎಲ್ಲವೂ ಎಸಿಯೇ ಅಂತ ಹೇಗೆ ಹೇಳುವುದು? ಅಭಿಪ್ರಾಯ ಎಲ್ಲರಿಗೂ ತಲೆಯಲ್ಲಿ ಹುಟ್ಟಿದರೆ ತನಗೆ ಯಾಕೆ ಕೈಯಲ್ಲಿ ಹುಟ್ಟಬಾರದು? ಹೀಗೆ ಯೋಚಿಸುತ್ತ ಅವನು ಬಸ್ಸಿನಲ್ಲಿ ಎಡಗೈಯನ್ನು ಕಿಟಕಿಯಿಂದ ದೂರ ಇಟ್ಟುಕೊಳ್ಳುತ್ತಿದ್ದ.

ತೊಂದರೆ ಶುರುವಾದದ್ದು ಬೀದಿಯಿಂದ. ಎದುರು ಮನೆಯವರು ಹೊಸ ಗೇಟು ಹಾಕಿಸಿದ್ದರು. ಕಬ್ಬಿಣದಲ್ಲಿ ಎರಡು ಹಂಸ, ಹಂಸಗಳ ಮೇಲೆ ಬಂಗಾರದ ಬಣ್ಣ. ಆಗ್ಬಹುದಪ್ಪನನ್ನು ದಾರಿಯಲ್ಲೇ ತಡೆದು, ಗಡಿಯಾರ ಬಿಚ್ಚಿಸಿ, ಎಡಗೈಯನ್ನು ಗೇಟಿನ ಮುಂದೆ ಹಿಡಿಸಿದರು. ಕೈಯ ಕೂದಲು ಏಳಲಿಲ್ಲ. "ದೂರದಿಂದ ನೋಡಿ," ಎಂದರು. ದೂರ ಹೋದ. "ಈಗ ಹತ್ತಿರ ಬನ್ನಿ, ಪಕ್ಕದಿಂದ ನೋಡಿ, ಹಂಸದ ಕಣ್ಣು ಅಲ್ಲಿಂದ ಚೆನ್ನಾಗಿ ಕಾಣುತ್ತೆ." ಪಕ್ಕದಿಂದ ನೋಡಿದ. ಕೈ ಬಿಸಿಲಿಗೆ ಬೆವರಿತು, ಅಷ್ಟೇ.

"ಟೈಲ್ಸಿಗೆ ಏಳುತ್ತೆ, ನಮ್ಮ ಗೇಟಿಗೆ ಏಳಲ್ಲ," ಎಂದರು ಎದುರು ಮನೆಯವರು. "ಆಯ್ತು ಬಿಡಿ. ಗೊತ್ತಾಯ್ತು." ಅಂದಿನಿಂದ ಅವರ ಸ್ಕೂಟರ್ ಇವನ ಬಾಗಿಲಿಗೆ ಅಡ್ಡ ನಿಲ್ಲತೊಡಗಿತು.

ಇದರ ಹಿಂದೆಯೇ ಬಂದವನು ಹೆಂಡತಿಯ ತಮ್ಮ. ಬಾಡಿಗೆ ಕಾರು ಓಡಿಸುತ್ತಿದ್ದ ಅವನು ಹೊಸದಾಗಿ ಪಿಟೀಲು ಕಲಿಯುತ್ತಿದ್ದ. ಸೋಫಾದ ಅಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ಕಮಾನು ಎಳೆದ. ಹೊರಟ ಸದ್ದು ಗಾಜಿನ ಮೇಲೆ ಮೊಳೆ ಎಳೆದ ಸದ್ದು. ಆಗ್ಬಹುದಪ್ಪನ ಎರಡು ಕೈ, ಕತ್ತು, ಕಿವಿಯ ಮೇಲಿನ ಕೂದಲು ಸಹ ಒಟ್ಟಿಗೆ ಎದ್ದು ನಿಂತವು.

"ಅಕ್ಕಾ, ಭಾವನ್ನ ನೋಡೇ," ಎಂದ ತಮ್ಮ. "ನಮ್ಮ ಗುರುಗಳು ನನಗೆ ಕಿವಿಯಿಲ್ಲ ಅಂತಾರೆ." ಅವನು ಭಾವನ ಕಾಲು ಹಿಡಿದುಕೊಂಡ. ಇನ್ನು ಮೇಲೆ ಬೆಳಗಿನ ಬಾಡಿಗೆ ಬಿಟ್ಟು ದಿನವೂ ಇಲ್ಲೇ ಬಂದು ಸಾಧನೆ ಮಾಡುತ್ತೇನೆ ಎಂದ, ಹಾಗೆಯೇ ಮಾಡಿದ. ಎದುರು ಮನೆಯವರು ಇದನ್ನು ತಮ್ಮ ಗೇಟಿನ ಮೇಲಿನ ಸೇಡು ಎಂದುಕೊಂಡರು.

ಇದನ್ನೆಲ್ಲ ಹೆಂಡತಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ, ಬಹಳ ದಿನಗಳಿಂದ ಉಡದೆ ಎತ್ತಿಟ್ಟಿದ್ದ ನೀಲಿ ಸೀರೆ ಉಟ್ಟು, ತಲೆ ಬಾಚಿಕೊಂಡು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಬಂದು ನಿಂತಳು. ನಿಂತು "ರೀ, ಕೈ ಕೊಡಿ" ಎಂದಳು.

ಆಗ್ಬಹುದಪ್ಪ ಕೈ ಕೊಟ್ಟ. ಅವಳನ್ನು ನೋಡಿದ. ಕಣ್ಣು ಮಿಟುಕಿಸದೆ, ಕಣ್ಣಲ್ಲಿ ನೀರು ಬರುವವರೆಗೆ ನೋಡಿದ. ಅವಳು ನೋಡುತ್ತಿದ್ದದ್ದು ಅವನ ಕೈಯನ್ನು. ಕೈ ಊಟ ಮಾಡಿ ಮಲಗಿದವರ ಹಾಗೆ ಮಲಗಿತ್ತು. ಸ್ವಲ್ಪ ಹೊತ್ತು ಕಾದು ಅವಳು ಕೈ ಬಿಟ್ಟಳು, ಒಲೆಯ ಕಡೆ ತಿರುಗಿದಳು. ಮರುದಿನ ಮತ್ತೆ ಕಿಟಕಿಯ ಹತ್ತಿರ ನಿಂತು ಕೈ ಕೇಳಿದಳು. ಅದರ ಮರುದಿನವೂ ಕೇಳಿದಳು.

ಕೊನೆಗೊಂದು ಬೆಳಿಗ್ಗೆ ಅವನು ಅವಳಿಗಿಂತ ಮುಂಚೆ ಎದ್ದು, ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಮೊಣಕೈಯವರೆಗೆ ಎಡಗೈ ಇಟ್ಟುಕೊಂಡು ನಿಂತ. ಹೆಂಡತಿ ಬಂದವಳು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಗಿಲು ಹಾಕಿದಳು.

"ನಾನು ಕೇಳಿದ್ದು ಫ್ರಿಜ್ಜಿನ ಅಭಿಪ್ರಾಯ ಅಲ್ಲ," ಎಂದಳು.

"ಅಂಗಡೀಲೂ ಅಷ್ಟೇ ಕಣೇ," ಎಂದ ಆಗ್ಬಹುದಪ್ಪ. ತಡೆದುಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು. "ಅದು ಎಸಿ ಗಾಳಿ. ನನಗೆ ಟೈಲ್ಸ್ ನೋಡಿದ್ರೆ ಏನೂ ಆಗಲ್ಲ. ನಿನ್ನಾಣೆಗೂ ಏನೂ ಆಗಲ್ಲ."

ಸತ್ಯ ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಆಮೇಲೆ ಹೇಳಿದರೆ ಅದಕ್ಕೆ ಮರ್ಯಾದೆ ಇರುವುದಿಲ್ಲ. ಹೆಂಡತಿ ನಂಬಲಿಲ್ಲ. "ಕಾಲೇಜಿನ ಮೇಷ್ಟ್ರು ನೋಡಿ ಹೇಳಿದಾರೆ, ಊರೆಲ್ಲ ಒಪ್ಪಿದೆ. ನನಗೆ ಸಮಾಧಾನ ಮಾಡೋಕೆ ಅಂತ ಸುಳ್ಳು ಹೇಳ್ಬೇಡಿ. ಟೈಲ್ಸಿಗೆ ಏಳುತ್ತೆ. ನನ್ನ ತಮ್ಮ ಆ ಪಿಟೀಲು ಕುಯ್ದರೂ ಏಳುತ್ತೆ. ನನಗೆ ಏಳಲ್ಲ. ಅಷ್ಟೇ ತಾನೆ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಮನೆ ಹೀಗಿರುವಾಗ ಅಂಗಡಿಗೆ ಪುರಸಭೆಯ ಇಂಜಿನಿಯರು ಬಂದರು. ಊರಿಗೆ ಹೊಸ ಸಭಾಭವನ ಏಳುತ್ತಿತ್ತು. ಅದರ ಮುಂದಿನ ದೊಡ್ಡ ಗೋಡೆಗೆ ಟೈಲ್ಸ್ ಹಾಕಬೇಕಿತ್ತು. ಬಿಳಿ ಹೂವಿನದು ಒಂದು ಮಾದರಿ, ಕಪ್ಪು ಹಾಳೆಗಳದು ಇನ್ನೊಂದು. ಸಲಹಾ ಸಮಿತಿಯಲ್ಲಿ ಅರ್ಧ ಜನ ಹೂವಿನ ಕಡೆ, ಇನ್ನರ್ಧ ಕಪ್ಪಿನ ಕಡೆ. ಎರಡೂ ಟೈಲ್ಸ್ ಈ ಅಂಗಡಿಯವೇ, ಆದರೆ ಕಪ್ಪಿನಲ್ಲಿ ಲಾಭ ಹೆಚ್ಚು. ಕಪ್ಪಿನ ಕಡೆಯವರಿಗೆ ನಾಯಕರು ನಮ್ಮ ಮೇಷ್ಟ್ರೇ.

"ನಾನು ಆರಿಸಿದ್ರೆ ನಾಳೆ ನನ್ನ ಮೇಲೆ ಬರುತ್ತೆ," ಎಂದರು ಇಂಜಿನಿಯರು. "ಸಮಿತಿ ಆರಿಸಿದ್ರೆ ಸಮಿತಿ ಮೇಲೆ ಬರುತ್ತೆ. ಕೈ ಆರಿಸಿದ್ರೆ ಯಾರ ಮೇಲೂ ಬರಲ್ಲ. ಅಂದ ಹಾಗೆ, ಎಡಗೈ ಅಲ್ವಾ? ನಡಾವಳಿಯಲ್ಲಿ ಬರೆಯಬೇಕಾಗುತ್ತೆ."

"ಎಡಗೈಯೇ," ಎಂದಳು ಯಜಮಾನಿ. "ಇಲ್ಲೇ ಬನ್ನಿ, ಇದೇ ಸ್ಟ್ಯಾಂಡಿನಲ್ಲಿ ತೋರಿಸ್ತೀವಿ."

"ಇಲ್ಲಮ್ಮ. ಅಂಗಡೀಲಿ ನೋಡಿದ್ರೆ ಅಂಗಡಿ ಪರ ಅಂತಾರೆ. ಸ್ಥಳದಲ್ಲೇ ಆಗಬೇಕು. ಸಾರ್ವಜನಿಕವಾಗಿ, ಹಗಲು ಹೊತ್ತಿನಲ್ಲಿ."

ಇಂಜಿನಿಯರು ಹೋದ ಮೇಲೆ ಆಗ್ಬಹುದಪ್ಪ ಯಜಮಾನಿಯ ಮುಂದೆ ಬಂದು ನಿಂತ. "ಅಮ್ಮಾ, ನಿಮಗೊಂದು ವಿಷಯ ಹೇಳಬೇಕು. ಅದು ರೋಮಾಂಚನ ಅಲ್ಲ. ಅದು..."

"ಎಸಿ," ಎಂದಳು ಯಜಮಾನಿ, ತಲೆಯೆತ್ತದೆ. "ಮತ್ತೆ ಆ ಸ್ಟ್ಯಾಂಡನ್ನ ಅಲ್ಲಿಗೆ ಯಾಕೆ ಸರಿಸಿದೆ ಅಂದ್ಕೊಂಡೆ? ನೀನು ಸುಮ್ನೆ ಬಾ. ಕಪ್ಪು ಹಾಳೆ ಮುಂದೆ ನಿಲ್ಲು. ಮಿಕ್ಕಿದ್ದು ನನಗೆ ಬಿಡು. ಈ ಗೋಡೆ ಕೈ ತಪ್ಪಿದ್ರೆ ನಿನ್ನ ಕೆಲಸಾನೂ ತಪ್ಪಿತು ಅಂತ ತಿಳ್ಕೋ."

ಆ ದಿನ ಬಿಸಿಲು ಸುಡುತ್ತಿತ್ತು. ಸಭಾಭವನದ ಮುಂದೆ ಜಲ್ಲಿಯ ರಾಶಿ, ಸಿಮೆಂಟಿನ ಚೀಲ, ಅದರ ನಡುವೆ ಕೊಡೆ ಹಿಡಿದ ಜನ. ಗಾರೆ ಕಾಣದ ಇಟ್ಟಿಗೆಯ ಗೋಡೆ ಎರಡಾಳು ಎತ್ತರಕ್ಕೆ ಎದ್ದಿತ್ತು. ಅದರ ಎಡಕ್ಕೆ ಬಿಳಿ ಹೂವಿನ ಟೈಲ್ಸ್, ಬಲಕ್ಕೆ ಕಪ್ಪು ಹಾಳೆ ಒರಗಿಸಿದ್ದರು. ಮೇಷ್ಟ್ರು ಮತ್ತು ಅವರ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಎದುರು ಮನೆಯವರು ಕೈ ಸೋಲುವುದನ್ನು ನೋಡಲೆಂದೇ ಬಂದಿದ್ದರು. ಹೆಂಡತಿಯ ತಮ್ಮ ಪಿಟೀಲು ಸಮೇತ ಬಂದಿದ್ದ. ಎಲ್ಲರ ಹಿಂದೆ, ಕೊಡೆಯಿಲ್ಲದೆ, ನೆತ್ತಿಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಹೆಂಡತಿ ನಿಂತಿದ್ದಳು. ಅವಳು ಬರುತ್ತೇನೆ ಎಂದು ಹೇಳಿರಲಿಲ್ಲ.

ಮೇಷ್ಟ್ರು ಭವ್ಯದ ಬಗ್ಗೆ ನಾಲ್ಕು ಮಾತು ಆಡಿದರು. ನಾಲ್ಕು ಎಂದು ಶುರುವಾದ ಮಾತು ಮುಗಿಯುವ ಹೊತ್ತಿಗೆ ಇಬ್ಬರು ನೆರಳು ಹುಡುಕಿಕೊಂಡು ಹೋಗಿದ್ದರು. ಆಮೇಲೆ ಇಂಜಿನಿಯರು "ಶುರು ಮಾಡಿ" ಎಂದರು.

ಆಗ್ಬಹುದಪ್ಪ ಬಿಳಿಯ ಮುಂದೆ ನಿಂತ. ಕೈಯಿಂದ ಬೆವರು ತೊಟ್ಟಿಕ್ಕಿತು. ಕಪ್ಪಿನ ಮುಂದೆ ನಿಂತ. ಹಾಳೆ ಬಿಸಿಲಿಗೆ ಕಾದು ಹೆಂಚಾಗಿತ್ತು, ಬೆವರು ಇನ್ನೂ ಹೆಚ್ಚಿತು. ಮತ್ತೆ ಬಿಳಿಯ ಕಡೆ ಬಂದ, ಮತ್ತೆ ಕಪ್ಪಿನ ಕಡೆ ಹೋದ. ಹಳೆಯ ರೋಗ ಮರುಕಳಿಸಿತ್ತು, ಕಾಲು ನಿಲ್ಲಲಿಲ್ಲ. ಜನರ ತಲೆಗಳೆಲ್ಲ ಅವನ ಜೊತೆ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದವು. ಇಂಜಿನಿಯರು ಗಡಿಯಾರ ನೋಡಿಕೊಂಡು "ಅವಸರ ಇಲ್ಲ, ಅದರ ಪಾಡಿಗೆ ಅದು ಏಳಲಿ" ಎಂದು ಧೈರ್ಯ ಹೇಳಿದರು.

ಯಜಮಾನಿ ಕೈಚೀಲ ತಬ್ಬಿಕೊಂಡು ಅವನ ಹಿಂದೆ ಹಿಂದೆಯೇ ಓಡಾಡುತ್ತಿದ್ದಳು. ಚೀಲದಲ್ಲಿ ಐಸಿನ ನಡುವೆ ಹೂತಿಟ್ಟಿದ್ದ ಒಂದು ಸೋಡಾ ಬಾಟಲಿ ಇತ್ತು. ಅವನು ಕಪ್ಪಿನ ಮುಂದೆ ನಿಂತ ಗಳಿಗೆಯನ್ನು ನೋಡಿ ಅವಳು ಬಾಟಲಿ ತೆಗೆದು ಅವನ ಕತ್ತಿಗೆ ಒತ್ತಿದಳು. ಆದರೆ ಆಗ್ಬಹುದಪ್ಪ ಒಂದು ಕಡೆ ನಿಲ್ಲುವ ಜನವೇ ಅಲ್ಲವಲ್ಲ. ಆ ಹೊತ್ತಿಗೆ ಅವನು ಕಪ್ಪನ್ನು ಬಿಟ್ಟು ಬಿಳಿಯ ಕಡೆ ಹೊರಟು, ಎರಡರ ನಡುವೆ, ಬೋಳು ಇಟ್ಟಿಗೆಯ ಗೋಡೆಗೆ ಎದುರಾಗಿದ್ದ. ಕತ್ತಿಗೆ ಐಸು ತಾಕಿದ್ದೇ ತಡ, "ಹಾ" ಎಂದು ಬೆನ್ನು ಬಿಲ್ಲಾಗಿ ಎಡಗೈ ಮುಂದಕ್ಕೆ ಚಾಚಿ ನಿಂತ. ಒಂದೊಂದು ಕೂದಲೂ ಎದ್ದು ನಿಂತಿತ್ತು.

ಎಲ್ಲರೂ ಕೈಯನ್ನು ನೋಡಿದರು. ಆಮೇಲೆ ಕೈ ಚಾಚಿದ ಕಡೆ ನೋಡಿದರು.

"ಗೋಡೆ," ಎಂದರು ಮೇಷ್ಟ್ರು. "ಬರೀ ಗೋಡೆ. ಅಲಂಕಾರ ಇಲ್ಲ, ಹೊಳಪಿಲ್ಲ. ನಾವು ಯಾರೂ ನೋಡಿರ್ಲಿಲ್ಲ. ಆ ಕೈ ನೋಡ್ತು."

"ಹಾಗಾದ್ರೆ ಟೈಲ್ಸೇ ಬೇಡ," ಎಂದರು ಇಂಜಿನಿಯರು. ಬಹಳ ದಿನಗಳ ಮೇಲೆ ಅವರ ಮುಖ ಅರಳಿತು. "ಖರ್ಚೂ ಇಲ್ಲ, ದೂರೂ ಇಲ್ಲ. ಗೋಡೆ ಹೇಗಿದೆಯೋ ಹಾಗೇ ಇರಲಿ."

ಇಡೀ ಗೋಡೆ ಕಣ್ಣೆದುರೇ ಕೈ ತಪ್ಪಿದ್ದನ್ನು ಕಂಡು ಯಜಮಾನಿಗೆ ತಡೆಯಲಾಗಲಿಲ್ಲ. ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಗೋಡೆಯೂ ಅಲ್ಲ, ಮಣ್ಣೂ ಅಲ್ಲ. ಸೋಡಾ ಬಾಟ್ಲಿ ಇದು. ನಾನೇ ಕತ್ತಿಗೆ ಇಟ್ಟೆ."

ಮೇಷ್ಟ್ರ ಹೆಂಡತಿ ನಿಧಾನಕ್ಕೆ ಮುಂದೆ ಬಂದರು. "ಹಾಗಾದ್ರೆ ನಮ್ಮ ಸ್ನಾನದ ಮನೆ?"

"ಅದು ಎಸಿ," ಎಂದಳು ಯಜಮಾನಿ.

ಮೇಷ್ಟ್ರ ಹೆಂಡತಿ ಗಂಡನ ಕಡೆ ತಿರುಗಿದರು. "ಆವತ್ತಿಂದ ನಾನು ಕತ್ತಲಲ್ಲಿ ಸೋಪು ಹುಡುಕ್ತಿದೀನಿ ಕಣ್ರೀ." ಮೇಷ್ಟ್ರು ಕೊಡೆಯನ್ನು ಇನ್ನಷ್ಟು ಕೆಳಗಿಳಿಸಿಕೊಂಡರು. ತತ್ವಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದಿರಬಹುದು, ಆದರೆ ಅವರ ಹೆಂಡತಿಗೆ ಹೇಳಬಹುದಾದ ಉತ್ತರ ಇರಲಿಲ್ಲ. ಎದುರು ಮನೆಯವರು "ಅಂದ್ರೆ ನಮ್ಮ ಗೇಟು ಚೆನ್ನಾಗೇ ಇದೆ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಓಡಾಡಿದರು. ಇಂಜಿನಿಯರು ನಡಾವಳಿಯಲ್ಲಿ ಬರೆದದ್ದನ್ನು ಹೊಡೆದುಹಾಕಲೋ ಬೇಡವೋ ಎಂದು ಪೆನ್ನು ಹಿಡಿದು ನಿಂತವರು ಹಾಗೇ ನಿಂತಿದ್ದರು.

ಹೆಂಡತಿಯ ತಮ್ಮ ಜನರನ್ನು ಸರಿಸಿಕೊಂಡು ಬಂದ. "ಭಾವ, ನಾನು ನುಡಿಸಿದಾಗ ಎಸಿ ಇರ್ಲಿಲ್ಲ. ಸೋಡಾನೂ ಇರ್ಲಿಲ್ಲ. ಅಲ್ವಾ?"

ಆಗ್ಬಹುದಪ್ಪ ಆ ಹುಡುಗನ ಮುಖ ನೋಡಿದ. ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಬದಲಿಸಿದ. "ಇರ್ಲಿಲ್ಲ," ಎಂದ.

"ಹಾಗಾದ್ರೆ ನಿಜ ಹೇಳಿ. ನನ್ನ ಪಿಟೀಲು ಹೇಗಿತ್ತು?"

"ಆಗ್ಬಹುದು," ಎಂದ ಆಗ್ಬಹುದಪ್ಪ.

ತಮ್ಮ ಪಿಟೀಲನ್ನು ಎದೆಗೆ ಒತ್ತಿಕೊಂಡ. ಜನರ ಹಿಂದೆ ನಿಂತಿದ್ದ ಹೆಂಡತಿ ಆ ಪದ ಕಿವಿಗೆ ಬಿದ್ದದ್ದೇ ನೆತ್ತಿಯ ಮೇಲಿದ್ದ ಕೈ ಇಳಿಸಿ, ತಿರುಗಿ, ಬಿಸಿಲಿನಲ್ಲಿ ಬಿರಬಿರನೆ ಮನೆಯ ಕಡೆ ನಡೆದಳು. ಆಗ್ಬಹುದಪ್ಪ ಅವಳ ಹಿಂದೆ ಹೊರಟ. ಯಜಮಾನಿ ಅವನ ಶರ್ಟಿನ ಕಾಲರು ಹಿಡಿದು ನಿಲ್ಲಿಸಿದಳು.

"ಕೆಲಸದಿಂದ ತೆಗೀತಿದ್ದೆ. ಆದ್ರೆ ಬಾಟ್ಲಿ ತಂದವಳು ನಾನು, ನನ್ನದೂ ಪಾಲಿದೆ. ನಾಳೆಯಿಂದ ಗೋಡೌನಿಗೆ ಬಾ. ಅಲ್ಲಿ ಯಾರೂ ಏನೂ ಕೇಳಲ್ಲ. ಮತ್ತೆ ತುಂಬು ತೋಳಿನ ಶರ್ಟ್ ಹಾಕ್ಕೊಂಡು ಬಾ. ಆ ಕೈ ಇನ್ನು ಯಾರ ಕಣ್ಣಿಗೂ ಬೀಳಬಾರ್ದು."

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದಳು. ಪಾತ್ರೆಗಳ ಸದ್ದಿರಲಿಲ್ಲ. ಅವನಿಗೆ ಹೆದರಿಕೆಯಾಯಿತು.

"ನಾನು ಹೇಳಿರ್ಲಿಲ್ವಾ, ಅದು ಎಸಿ ಅಂತ," ಎಂದ ಮೆಲ್ಲಗೆ.

"ಹೇಳಿದ್ರಿ," ಎಂದಳು. "ನನಗೆ ಏಳದಿದ್ರೆ ಬೇಡ, ಏನಕ್ಕೋ ಒಂದಕ್ಕೆ ಏಳುತ್ತಲ್ಲ, ಒಳಗೆ ಏನೋ ಇದೆ ಮನುಷ್ಯನಿಗೆ ಅಂತ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಅದೂ ಇಲ್ಲ. ಯಾವುದಕ್ಕೂ ಏನೂ ಆಗದೇ ಇರೋರ ಜೊತೆ ಇಷ್ಟು ವರ್ಷ ಇದ್ದೆ."

ಅವನು ಏನಾದರೂ ಹೇಳಬೇಕಿತ್ತು. ಅಡುಗೆಮನೆಯಿಂದ ಕೋಣೆಗೆ ಹೋದ, ಕೋಣೆಯಿಂದ ಅಡುಗೆಮನೆಗೆ ಬಂದ, ಮತ್ತೆ ಕೋಣೆಗೆ ಹೋದ. ಕೈಗೆ ಏನಾದರೂ ಕೆಲಸ ಬೇಕಿತ್ತು. ಬೀರು ತೆಗೆದು ತುಂಬು ತೋಳಿನ ಶರ್ಟ್ ಹುಡುಕತೊಡಗಿದ. ಅವನ ಬಳಿ ಇದ್ದದ್ದೆಲ್ಲ ಅರ್ಧ ತೋಳಿನವೇ. ಎಲ್ಲವನ್ನೂ ಎಳೆದು ಮಂಚದ ಮೇಲೆ ಹಾಕಿದ ಮೇಲೆ, ಬೀರುವಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗಿಂದ ಮಡಿಸಿಟ್ಟಿದ್ದ ಒಂದು ಶರ್ಟ್ ಹೊರಬಂತು.

ಸದ್ದು ಕೇಳಿ ಬಾಗಿಲಿಗೆ ಬಂದ ಹೆಂಡತಿ ಅದನ್ನು ಗುರುತಿಸಿದಳು. "ಇದು ನಿಮ್ಮಣ್ಣನದಲ್ವಾ? ಅವರು ಕೇಳಿ ಕೇಳಿ ಸಾಕಾದ್ರು. ಕಳೆದುಹೋಯ್ತು ಅಂದಿದ್ರಿ."

"ಕೊಡೋಕೆ ಮನಸ್ಸಾಗ್ಲಿಲ್ಲ."

"ಯಾಕೆ?"

ಆಗ್ಬಹುದಪ್ಪ ಶರ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕತ್ತಿನ ಹಿಂಭಾಗ ಕೆರೆದುಕೊಂಡ. ಹೆಂಡತಿ ಕಾದಳು, ಈ ಸಲ ಬಿಡುವ ಲಕ್ಷಣ ಕಾಣಲಿಲ್ಲ.

"ನೀನು ನೀರು ತಂದೆಯಲ್ಲ," ಎಂದ ಅವನು, ಶರ್ಟಿಗೆ ಹೇಳುವಂತೆ. "ಲೋಟ ಕೊಡೋಕೆ ಬಂದವಳು ನನ್ನ ತೋಳು ನೋಡಿ, ಬೆರಳೇ ಕಾಣ್ತಿರ್ಲಿಲ್ಲ, ಲೋಟ ಯಾವ ಕಡೆಯಿಂದ ಕೊಡೋದು ಅಂತ ಗೊತ್ತಾಗ್ದೆ ತುಟಿ ಕಚ್ಕೊಂಡು ನಕ್ಕೆ. ಆಗ ಆಯ್ತು. ಎರಡೂ ಕೈಯಲ್ಲಿ. ಭುಜದವರೆಗೂ ಆಯ್ತು. ಯಾರಿಗೂ ಕಾಣಲಿಲ್ಲ, ತೋಳು ಉದ್ದ ಇತ್ತಲ್ಲ. ಆಮೇಲೆ ನಿಮ್ಮಪ್ಪ ಕೇಳಿದ್ರು. ಹೇಳೋಕೆ ತುಂಬ ಇತ್ತು. ಆದ್ರೆ ಅದೊಂದೇ ಪದ ಹೊರಗೆ ಬಂತು. ಆವತ್ತಿಂದ ಅದೇ ಬರ್ತಿದೆ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಇತ್ತೀಚೆಗೆ ಊರಿನಲ್ಲಿ ನಡೆದದ್ದನ್ನೆಲ್ಲ ಕಂಡವಳು, ಸುಲಭಕ್ಕೆ ನಂಬುವವಳಾಗಿರಲಿಲ್ಲ.

"ಫ್ಯಾನ್ ಇತ್ತಾ?" ಎಂದಳು.

"ಕರೆಂಟೇ ಇರ್ಲಿಲ್ಲ."

"ನಮ್ಮಪ್ಪ ಪೇಪರ್ ಬೀಸ್ತಿದ್ರಲ್ಲ."

"ಅವರ ಕಡೆಗೆ ಬೀಸ್ಕೋತಿದ್ರು."

"ನೀರು ತಣ್ಣಗಿತ್ತಾ?"

"ಲೋಟ ಇನ್ನೂ ನಿನ್ನ ಕೈಯಲ್ಲೇ ಇತ್ತು."

ಅವಳು ಇನ್ನೇನಾದರೂ ಕೇಳುವುದಿದೆಯೇ ಎಂದು ಯೋಚಿಸಿದಳು. ಏನೂ ಉಳಿದಿರಲಿಲ್ಲ. ಅವನ ಕೈಯಿಂದ ಶರ್ಟ್ ತೆಗೆದುಕೊಂಡು, ಕೊಡವಿ, "ಹಾಕ್ಕೊಳ್ಳಿ ನೋಡೋಣ" ಎಂದಳು. ಹೊಟ್ಟೆಯ ಹತ್ತಿರ ಗುಂಡಿ ಸೇರಲಿಲ್ಲ. ತೋಳು ಮಾತ್ರ ಇವತ್ತಿಗೂ ಬೆರಳಿನ ತುದಿ ದಾಟಿ ಇಳಿಯಿತು. ಅವಳು ಒಂದೊಂದೇ ತೋಳನ್ನು ಎಳೆದು ಸರಿಮಾಡಿ, ಮಣಿಕಟ್ಟಿನ ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಹೇಗಿದೆ?" ಎಂದ ಆಗ್ಬಹುದಪ್ಪ.

ಅವಳು ಎಡದಿಂದ ನೋಡಿದಳು, ಬಲದಿಂದ ನೋಡಿದಳು. ತುಟಿ ಕಚ್ಚಿಕೊಂಡಳು.

"ಆಗ್ಬಹುದು," ಎಂದಳು.

ಆಗ ತೋಳಿನ ಒಳಗೆ ಏನಾಯಿತು ಎಂಬುದು ಯಾರಿಗೂ ಕಾಣಲಿಲ್ಲ.